ಟ್ರಯಲ್ ರೂಮು ಇದ್ದ ಜಾಗ

ಜೂನ್ 3, ಸೋಮವಾರ

ದಿನಕ್ಕೆ ಎಷ್ಟು ನೀರು ಕುಡಿದೆ ಎಂದು ಬರೆದಿಡಬೇಕಂತೆ. ಡಾಕ್ಟರಮ್ಮನ ಆಜ್ಞೆ. ಈ ವರ್ಷ ಎರಡನೆಯ ಸಲ ಅದೇ ಉರಿ, ಅದೇ ಚಳಿಜ್ವರ, ಅದೇ ಮಾತ್ರೆ.

"ಹೊಲಿಗೆ ಅಂಗಡಿ ಅಂತೀರಿ, ಮಿಷಿನ್ ಪಕ್ಕ ಒಂದು ಬಾಟ್ಲಿ ಇಟ್ಕೊಳ್ಳೋಕೆ ಆಗಲ್ವಾ?" ಎಂದು ಗದರಿದರು.

ಬಾಟಲಿ ಇದೆ. ಕುಡಿದ ಮೇಲೆ ಎಲ್ಲಿಗೆ ಹೋಗಲಿ? ನಮ್ಮ ಕಾಂಪ್ಲೆಕ್ಸಿನ ಹಿಂದೆ ಗಂಡಸರಿಗೆ ಆ ಅನುಕೂಲ ಇದೆ. ಹೆಂಗಸರಿಗೆ ಇಲ್ಲ. ಕಟ್ಟಿಸಿದ ಪುಣ್ಯಾತ್ಮನಿಗೆ ಹೆಂಗಸರೂ ಇಲ್ಲಿ ಅಂಗಡಿ ಇಡುತ್ತಾರೆ ಎಂದು ಹೊಳೆದಿರಲಿಕ್ಕಿಲ್ಲ. ತಡೆಯಲಾಗದಿದ್ದರೆ ದೊಡ್ಡ ರಸ್ತೆ ದಾಟಿ ಆಸ್ಪತ್ರೆಗೆ ಹೋಗಬೇಕು, ಯಾರನ್ನೋ ನೋಡಲು ಬಂದವಳಂತೆ ಮುಖ ಸಣ್ಣಗೆ ಮಾಡಿಕೊಂಡು ಒಳಗೆ ನುಗ್ಗಬೇಕು. ಬಾಗಿಲಲ್ಲಿರುವ ಕಾವಲಿನವನು ಮೊನ್ನೆ ಕೇಳಿಯೇಬಿಟ್ಟ, "ನಿಮ್ಮ ಪೇಷಂಟು ಇನ್ನೂ ಹುಷಾರಾಗಿಲ್ವಾ ಅಮ್ಮಾ?"

ಇವತ್ತಿನ ನೀರು: ಬೆಳಿಗ್ಗೆ ಒಂದು ಲೋಟ. ಮುಗಿಯಿತು ಲೆಕ್ಕ.

ಜೂನ್ 5, ಬುಧವಾರ

ಕಾಂಪ್ಲೆಕ್ಸಿನ ಅಂಗಡಿಯವರ ಸಂಘದ ಮೀಟಿಂಗಿನಲ್ಲಿ ವಿಷಯ ಎತ್ತುತ್ತೇನೆ ಎಂದು ಊಟದ ಹೊತ್ತಿಗೆ ಇವರಿಗೆ ಹೇಳಿದೆ. ಇವರು ಸ್ಕೂಲ್ ವ್ಯಾನ್ ಓಡಿಸುವವರು. ದಿನವಿಡೀ ಮಕ್ಕಳ ಗಲಾಟೆ ಕೇಳಿ, ಮನೆಗೆ ಬಂದ ಮೇಲೆ ಯಾರು ಏನೇ ಹೇಳಿದರೂ "ಹೂಂ" ಎನ್ನುವುದು ರೂಢಿಯಾಗಿದೆ.

"ಬರೀ ಹೂಂ ಅಂದ್ರೆ? ಒಬ್ಬೊಬ್ಬರೂ ಹೀಗೆ ಹೂಂ ಅಂತ ಕೂತ್ರೆ ಸಮಾಜ ಉದ್ಧಾರ ಆಗೋದು ಯಾವಾಗ?"

"ಸಮಾಜ ಉದ್ಧಾರ ಆಗ್ಲಿ, ಬೇಡ ಅಂದೋರ್ಯಾರು? ಸಾರು ಸ್ವಲ್ಪ ಬಡಿಸು."

ಅತ್ತೆ ಮಧ್ಯೆ ಬಾಯಿ ಹಾಕಿದರು. ಆ ಅಂಗಡಿಯನ್ನು ನನಗಿಂತ ಮೊದಲು ನಡೆಸಿದವರು ಅವರೇ. ಈಗಲೂ ಅಂಗಡಿ ಅವರ ಹೆಸರಿನಲ್ಲೇ ಇದೆ. "ನಾನು ಅಷ್ಟು ವರ್ಷ ಅಲ್ಲೇ ಕೂತು ಹೊಲಿದೆ. ಇಂಥದ್ದೆಲ್ಲ ಬಾಯಿಬಿಟ್ಟು ಕೇಳ್ತಿರಲಿಲ್ಲಪ್ಪ ನಾವು."

"ಮತ್ತೆ ಏನ್ಮಾಡ್ತಿದ್ರಿ ಅತ್ತೆ?"

ಅತ್ತೆ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದರು. "ತಡ್ಕೊಳ್ತಿದ್ವಿ," ಎಂದರು.

ಜೂನ್ 11, ಮಂಗಳವಾರ

ನನ್ನನ್ನು ನಾನೇ ಬಡಿದುಕೊಳ್ಳಬೇಕು ಎನಿಸುತ್ತಿದೆ.

ಸಂಘದ ಅಧ್ಯಕ್ಷರೆಂದರೆ ಪಿಂಗಾಣಿ ಅಂಗಡಿಯವರು. ಕಪ್ಪು, ಬಸಿ, ಹೂದಾನಿಗಳ ನಡುವೆ ಬದುಕಿ ಬದುಕಿ ಅವರ ಮಾತೂ ಮೆತ್ತಗೆ, ನಡೆಯೂ ಮೆತ್ತಗೆ, ಕೆಲಸವಂತೂ ಇನ್ನೂ ಮೆತ್ತಗೆ. ಕೊನೆಯಲ್ಲಿ "ಬೇರೆ ಏನಾದ್ರೂ ಇದೆಯಾ?" ಎಂದರು. ಎದ್ದು ನಿಂತೆ. ನಲವತ್ತು ಗಂಡಸರು ತಿರುಗಿ ನೋಡಿದರು. ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದ ಭಾಷಣವೆಲ್ಲ ಮರೆತೇಹೋಯಿತು.

"ಹೆಂಗಸರಿಗೆ ಒಂದು... ಅನುಕೂಲ ಬೇಕಿತ್ತು ಸರ್."

"ಎಂಥಾ ಅನುಕೂಲ ಅಮ್ಮಾ?"

"ಅದೇ ಸರ್... ಮಧ್ಯೆ ಮಧ್ಯೆ ಸ್ವಲ್ಪ... ಹೋಗಿ ಬರೋಕೆ..."

"ಓಹೋ, ವಿಶ್ರಾಂತಿಗಾ?"

ನಾನು ತಲೆ ಆಡಿಸಿದೆನೋ, ಅಲ್ಲಾಡಿಸಿದೆನೋ, ದೇವರಿಗೇ ಗೊತ್ತು. ಮಹಿಳೆಯರ ವಿಶ್ರಾಂತಿಗೆ ಒಂದು ಬೆಂಚು ಹಾಕಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಚಪ್ಪಾಳೆ ಬೇರೆ. ಪಕ್ಕದಲ್ಲಿದ್ದ ಕನ್ನಡಕದ ಅಂಗಡಿಯ ಮೇಡಂ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಜೂನ್ 20, ಗುರುವಾರ

ಬೆಂಚು ಬಂತು. ಸಂಘದ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಮಧ್ಯಾಹ್ನದೊಳಗೆ ಚಪ್ಪಲಿ ಅಂಗಡಿಯವರು ಅದರ ಮೇಲೆ ಖಾಲಿ ಡಬ್ಬಗಳನ್ನು ಪೇರಿಸಿದರು.

ಜೂನ್ 27, ಗುರುವಾರ

ಇವತ್ತು ನೇರವಾಗಿ ಪಿಂಗಾಣಿ ಅಂಗಡಿಗೇ ಹೋದೆ. "ಸರ್, ನಾನು ಅವತ್ತು ಕೇಳಿದ್ದು ಬೆಂಚಲ್ಲ, ಕಕ್ಕಸು," ಎಂದೆ.

ಅವರ ಕೈಯಲ್ಲಿದ್ದ ಬಸಿ ಬೀಳದಿದ್ದುದು ದೊಡ್ಡದು. "ಮೆತ್ತಗೆ ಅಮ್ಮಾ, ಮೆತ್ತಗೆ! ಗಿರಾಕಿಗಳಿದ್ದಾರೆ." ಆಮೇಲೆ ಕಾರಣಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿಟ್ಟರು. ಜಾಗವಿಲ್ಲ. ತೊಳೆಯುವವರಿಲ್ಲ. ಮಾಡಿದರೆ ರಸ್ತೆಯಲ್ಲಿ ಹೋಗುವವರೆಲ್ಲ ನುಗ್ಗುತ್ತಾರೆ. "ಇದೇನು ಧರ್ಮಛತ್ರವಾ ಅಮ್ಮಾ? ನೀವೇ ಹೇಳಿ."

"ಗಂಡಸರದ್ದು ಛತ್ರ ಆಗಿಲ್ವಲ್ಲ ಸರ್?"

"ಅದು ಮೊದಲಿಂದ ಇರೋದು," ಎಂದರು. ಮೊದಲಿನಿಂದ ಇದ್ದರೆ ಆಯಿತು, ಅದಕ್ಕೆ ಯಾವ ಪ್ರಶ್ನೆಯೂ ಇಲ್ಲ!

ಸಿಟ್ಟಿನಲ್ಲಿ ಬಂದು ಯಾರದೋ ಪ್ಯಾಂಟಿನ ಎರಡೂ ಕಾಲುಗಳನ್ನು ಸೇರಿಸಿ ಹೊಲಿದುಬಿಟ್ಟೆ. ಬಿಚ್ಚುವಷ್ಟರಲ್ಲಿ ಸಾಕುಬೇಕಾಯಿತು.

ಜುಲೈ 5, ಶುಕ್ರವಾರ

ಹೂವಿನಕ್ಕನ ವಿಷಯ ಬರೆಯಬೇಕು, ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಕಾಂಪ್ಲೆಕ್ಸಿನ ಬಾಗಿಲಲ್ಲಿ ಹೂ ಮಾರುವ ಅಕ್ಕ. ಅರವತ್ತು ದಾಟಿದೆ, ಮೊಣಕಾಲು ಹಿಡಿದುಕೊಂಡಿದೆ. ರಸ್ತೆ ದಾಟುವುದೆಂದರೆ ಅವಳಿಗೆ ಒಂದು ಯಾತ್ರೆ. ಇವತ್ತು ಹನ್ನೊಂದರ ಹೊತ್ತಿಗೆ ನಾನು ಕತ್ತರಿ ಸಾಣೆಗೆ ಕೊಡಲು ಹೊರಗೆ ಬಂದೆ. ಅಕ್ಕ ಎದ್ದು ನಿಂತಿದ್ದಳು, ಗೋಡೆ ಹಿಡಿದುಕೊಂಡು, ವಾಹನಗಳ ಸಾಲು ಮುಗಿಯಲೆಂದು ಕಾಯುತ್ತಾ. ಸಾಲು ಮುಗಿಯಲಿಲ್ಲ. ಅವಳ ಮುಖ ನೋಡಿ ನನಗೆ ಅರ್ಥವಾಯಿತು. ನಾನು ಹತ್ತಿರ ಹೋಗುವಷ್ಟರಲ್ಲಿ ಅಕ್ಕ ಬಗ್ಗಿ ಹೂವಿನ ಬಕೆಟನ್ನು ಎತ್ತಿ, ನೀರನ್ನೆಲ್ಲ ಸೊಂಟದಿಂದ ಕೆಳಗೆ ತನ್ನ ಮೇಲೆಯೇ ಸುರಿದುಕೊಂಡಳು.

ಸುತ್ತಲಿದ್ದವರು ನಕ್ಕರು. "ಏನಜ್ಜಿ, ಸೆಖೆನಾ?" ಎಂದ ಒಬ್ಬ.

ಅಕ್ಕನೂ ನಕ್ಕಳು. ನನ್ನ ಕಡೆ ತಿರುಗಿ, "ಕೈ ಜಾರ್ತು ತಂಗಿ," ಎಂದಳು. ನೆಲದ ಮೇಲೆ ಬಿದ್ದಿದ್ದ ಹೂಗಳನ್ನು ಇಬ್ಬರೂ ಸೇರಿ ಆರಿಸಿದೆವು. ಅವಳು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಒಳಗೆ ಕರೆದುಕೊಂಡು ಬಂದು, ಯಾರೋ ಹೊಲಿಸಿ ಬಿಟ್ಟುಹೋಗಿದ್ದ ಲಂಗ ಕೊಟ್ಟೆ. ಟ್ರಯಲ್ ರೂಮಿಗೆ ಹೋಗಿ ಬದಲಾಯಿಸಿಕೊಳ್ಳುವಾಗ ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

ನಾನು ಆ ರೂಮಿನ ಪರದೆಯನ್ನೇ ನೋಡುತ್ತಾ ಕೂತಿದ್ದೆ. ಪರದೆಯ ಹಿಂದೆ ಗೋಡೆ. ಗೋಡೆಯ ಹಿಂದೆ ಅಂಗಳ. ಅಂಗಳದ ಕೆಳಗೆ ಕಾಂಪ್ಲೆಕ್ಸಿನ ದೊಡ್ಡ ಪೈಪು.

ಜುಲೈ 7, ಭಾನುವಾರ

ಮನೆಯಲ್ಲಿ ಮಹಾಯುದ್ಧ.

"ಟ್ರಯಲ್ ರೂಮ್ ತೆಗೆದ್ರೆ ಗಿರಾಕಿಗಳು ಬಟ್ಟೆ ಹಾಕ್ಕೊಂಡು ನೋಡೋದೆಲ್ಲಿ? ನಿನ್ನ ತಲೆ ಮೇಲಾ?" ಇವರು ಇಷ್ಟು ಉದ್ದ ಮಾತಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು. "ಊರಿನ ಕಕ್ಕಸು ನಿನ್ನ ಅಂಗಡೀಲೇ ಯಾಕಿರ್ಬೇಕು?"

"ಊರಿನೋರು ಯಾರೂ ಮಾಡ್ತಿಲ್ವಲ್ಲ, ಅದಕ್ಕೆ."

"ವಾಸನೆ ಬರುತ್ತೆ. ಬಟ್ಟೆಗೆ ಹಿಡಿಯುತ್ತೆ. ಬರೋ ನಾಲ್ಕು ಜನಾನೂ ಬರಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಹೆಚ್ಚು ಸಿಟ್ಟು ಬಂತು. ಕೊನೆಗೆ ಅಂಗಡಿಯ ಒಡತಿಯ ಹತ್ತಿರ ಹೋದೆ. ಅತ್ತೆ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು.

"ಕಟ್ಟಿಸು," ಎಂದರು. "ಬಾಗ್ಲು ಮಾತ್ರ ಗಟ್ಟಿ ಇರ್ಲಿ."

ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಸಂಜೆ ವಾಪಸು ಬಂದಾಗ ಜೊತೆಯಲ್ಲಿ ಒಬ್ಬ ಪ್ಲಂಬರ್ ಇದ್ದ. ನನ್ನ ಕಡೆ ನೋಡದೆ, "ಇವರಿಗೆ ಜಾಗ ತೋರ್ಸು," ಎಂದರು.

ಜುಲೈ 15, ಸೋಮವಾರ

ಧೂಳು. ಸುತ್ತಿಗೆ. ಎಲ್ಲ ಬಟ್ಟೆಗಳ ಮೇಲೂ ಸಿಮೆಂಟು. ಅಧ್ಯಕ್ಷರು ಬಂದು ಸಂಘದ ಒಪ್ಪಿಗೆ ಪಡೆಯಲಿಲ್ಲ ಎಂದರು. "ಅಂಗಡಿ ನಮ್ಮತ್ತೆದು ಸರ್, ಮನೇಲೇ ಇರ್ತಾರೆ, ಹೋಗಿ ಕೇಳಿ," ಎಂದೆ. ಅತ್ತೆಯ ಬಾಯಿ ಎಂಥದೆಂದು ಹಳಬರಿಗೆಲ್ಲ ಗೊತ್ತು. ಅಧ್ಯಕ್ಷರು ಬಂದಷ್ಟೇ ಮೆತ್ತಗೆ ಹೋದರು.

ಜುಲೈ 24, ಬುಧವಾರ

ಆಯಿತು! ಬಿಳಿ ಟೈಲ್ಸು, ಒಂದು ನಲ್ಲಿ, ಒಂದು ಕನ್ನಡಿ, ಗಟ್ಟಿ ಬಾಗಿಲು.

ಹೂವಿನಕ್ಕನನ್ನು ಮೊದಲು ಕಳಿಸಿದೆ. ಹೊರಗೆ ಬಂದವಳು, "ಅಯ್ಯೋ ತಂಗಿ, ನಮ್ಮನೆಗಿಂತ ಚೆನ್ನಾಗಿದೆ, ಇಲ್ಲೇ ಇದ್ದುಬಿಡ್ಲಾ?" ಎಂದಳು. ಕನ್ನಡಕದ ಮೇಡಂ ಸೋಪು ತಂದುಕೊಟ್ಟರು. ಚಪ್ಪಲಿ ಅಂಗಡಿಯ ಸೊಸೆ, ಔಷಧಿ ಅಂಗಡಿಯ ಲೆಕ್ಕದಾಕೆ, ಎಲ್ಲ ಬಂದರು. ಅಷ್ಟು ವರ್ಷ ಒಂದೇ ಛಾವಣಿಯ ಕೆಳಗಿದ್ದೂ ಮಾತಾಡಿಸದವರು ಒಂದು ಕಕ್ಕಸಿನ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಜಗತ್ತನ್ನು ಸರಿಮಾಡುವುದು ಕಷ್ಟವೇನಲ್ಲ. ಮಾಡುವವರು ಬೇಕು ಅಷ್ಟೇ.

ಆಗಸ್ಟ್ 6, ಮಂಗಳವಾರ

ಮೇಲಿನ ಸಾಲನ್ನು ಈಗ ಓದಿಕೊಂಡೆ. ಬರೆದವಳ ಕೈಗೆ ಬ್ರಷ್ಷು ಕೊಡಬೇಕು.

ಎಲ್ಲರೂ ಬರುತ್ತಾರೆ, ಯಾರೂ ತೊಳೆಯುವುದಿಲ್ಲ. ಒಂದೊಂದು ದಿನ ಒಬ್ಬೊಬ್ಬರು ಎಂದು ಮಾತಾಗಿತ್ತು. ಚಪ್ಪಲಿ ಅಂಗಡಿಯ ಸೊಸೆಗೆ ಬೆನ್ನುನೋವು. ಲೆಕ್ಕದಾಕೆಗೆ ತಿಂಗಳ ಕೊನೆ, ಆಮೇಲೆ ತಿಂಗಳ ಮೊದಲು. ಕನ್ನಡಕದ ಮೇಡಂ, "ನಾನು ಬರೋದೇ ಅಪರೂಪ ಅಲ್ವಾ?" ಎಂದರು. ಅಪರೂಪವಂತೆ! ಅವರ ಹೆಜ್ಜೆ ಸದ್ದು ನನಗೆ ಗೊತ್ತಿಲ್ಲವೇ?

ಟ್ರಯಲ್ ರೂಮ್ ಇಲ್ಲವೆಂದು ಇಬ್ಬರು ಗಿರಾಕಿಗಳು ಅಳತೆ ಕೊಡದೆಯೇ ಹೋದರು. ಇವರು ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಆಗಸ್ಟ್ 13, ಮಂಗಳವಾರ

ಯಾರೋ ಬಟ್ಟೆಯ ಚೂರು ಹಾಕಿ ಪೈಪು ಕಟ್ಟಿಕೊಳ್ಳುವ ಹಾಗೆ ಮಾಡಿದ್ದಾರೆ. ತಂತಿ ಹಾಕಿ ಎಳೆದರೆ ನನ್ನ ಅಂಗಡಿಯದೇ ಬಟ್ಟೆ! ಬೀಗ ತಂದು ಹಾಕಿದೆ. ಬೀಗದ ಕೈ ನನ್ನ ಮಿಷಿನ್ನಿನ ಪಕ್ಕದ ಮೊಳೆಯಲ್ಲಿ. ಬೇಕಾದವರು ಕೇಳಿ ತೆಗೆದುಕೊಂಡು ಹೋಗಲಿ. ಶಿಸ್ತು ಎನ್ನುವುದೊಂದು ಬೇಡವೇ?

ಆಗಸ್ಟ್ 20, ಮಂಗಳವಾರ

ಬೀಗ ಹಾಕಿದ ಮೇಲೆ ಎಷ್ಟು ಸ್ವಚ್ಛ! ಬರುವವರೂ ಕಡಿಮೆಯಾಗಿದ್ದಾರೆ. ಒಬ್ಬೊಬ್ಬರು ಎಷ್ಟು ಹೊತ್ತು ಒಳಗಿರುತ್ತಾರೆ ಎನ್ನುವುದೂ ಈಗ ಗೊತ್ತಾಗುತ್ತದೆ.

ಮಧ್ಯಾಹ್ನ ಚಪ್ಪಲಿ ಕೊಳ್ಳಲು ಬಂದಿದ್ದ ಒಬ್ಬ ತಾಯಿ, ಪುಟ್ಟ ಮಗಳ ಕೈಹಿಡಿದುಕೊಂಡು ಒಳಗೆ ಬಂದಳು. ಮಗು ಕಾಲು ಕಾಲು ತಿರುಚುತ್ತಿತ್ತು. ಇದು ಅಂಗಡಿಯವರಿಗೆ ಮಾತ್ರ ಎಂದೆ. "ಮಗು ಅಲ್ವಾ ಅಕ್ಕಾ?" ಎಂದಳು. ಇವತ್ತು ಮಗು, ನಾಳೆ ಮಗುವಿನ ಅಜ್ಜಿ, ಆಮೇಲೆ ಬೀದಿಗೆ ಬೀದಿಯೇ ಬರುತ್ತದೆ. "ಇದೇನು ಧರ್ಮಛತ್ರವಾ?" ಎಂದು ಕೇಳಿದೆ. ಸರಿಯಾಗಿಯೇ ಕೇಳಿದೆ. ಅವಳು ಮಗುವನ್ನು ಎತ್ತಿಕೊಂಡು ರಸ್ತೆಯ ಕಡೆ ಓಡಿದಳು.

ಅಧ್ಯಕ್ಷರು ಹೊರಗೆ ನಿಂತು ಎಲ್ಲ ನೋಡಿದ್ದರು. "ಈಗ ಅರ್ಥ ಆಯ್ತಲ್ಲ ಅಮ್ಮಾ, ನಾವು ಯಾಕೆ ಬೇಡ ಅಂದಿದ್ದು ಅಂತ," ಎಂದು ನಕ್ಕು ಹೋದರು. ಹೊಗಳಿದ್ದೇ ಇರಬೇಕು. ಆದರೂ ಆಗಿನಿಂದ ಮೈಯೆಲ್ಲ ಒಂಥರಾ ಕಿರಿಕಿರಿ. ದಾರ ಸುಮ್ಮಸುಮ್ಮನೆ ಕಡಿಯುತ್ತಿದೆ. ಮಿಷಿನ್ನಿಗೆ ಎಣ್ಣೆ ಬೇಕೇನೋ.

ಆಗಸ್ಟ್ 22, ಗುರುವಾರ

ಹೂವಿನಕ್ಕ ರಸ್ತೆ ದಾಟುತ್ತಿದ್ದಳು. ಕಿಟಕಿಯಿಂದ ನೋಡಿ ಓಡಿಹೋಗಿ ಕೈ ಹಿಡಿದೆ.

"ಎಲ್ಲಿಗಕ್ಕಾ?"

"ಆಸ್ಪತ್ರೆಗೆ."

"ಹುಷಾರಿಲ್ವಾ?"

ಅಕ್ಕ ರಸ್ತೆಯ ಅಂಚಿಗೆ ಬಂದು ನಿಂತಳು. ಆಮೇಲೆ ನಿಧಾನವಾಗಿ, "ಬೀಗದ ಕೈ ಕೇಳೋಕೆ ಒಂಥರಾ ಆಗುತ್ತೆ ತಂಗಿ. ಕೇಳ್ದಾಗ್ಲೆಲ್ಲ ನೀನು ಗಡಿಯಾರ ನೋಡ್ತೀಯ," ಎಂದಳು. "ಅಲ್ಲಿ ಕಾವಲಿನವನು ನಗಾಡ್ತಾನೆ, ಅಷ್ಟೆ. ಗಡಿಯಾರ ನೋಡಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಟ್ಟಿಸಿದವಳು ನಾನು, ತೊಳೆಯುವವಳು ನಾನು, ಗಿರಾಕಿ ಕಳೆದುಕೊಂಡವಳು ನಾನು, ಕೊನೆಗೆ ಗಡಿಯಾರ ನೋಡಿದ ತಪ್ಪೂ ನನ್ನದೇ! ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿಕೊಂಡೆ. ಅವರು ನನ್ನ ಪರವಾಗಿ ಒಂದು ಮಾತಾಡುತ್ತಾರೆಂದು ಕಾದೆ.

"ಪಾಪ, ಆ ಕಾಲಿಟ್ಕೊಂಡು ರಸ್ತೆ ದಾಟಿದ್ಲಾ?" ಎಂದರು, ಅಷ್ಟೇ.

ಆಗಸ್ಟ್ 23, ಶುಕ್ರವಾರ

ಬೀಗ ತೆಗೆದೆ. ಇಷ್ಟು ದೊಡ್ಡ ಬೀಗ ಯಾಕೆ ತಂದಿದ್ದೆನೋ.

ಹೋಗಿ ಅಕ್ಕನ ಪಕ್ಕ ಸ್ವಲ್ಪ ಹೊತ್ತು ಕೂತೆ. ಅಕ್ಕ ತೊಟ್ಟು ಬಿಡಿಸಲು ಒಂದು ಹಿಡಿ ಹೂವು ನನ್ನ ಮಡಿಲಿಗೆ ಹಾಕಿದಳು.

ಸೆಪ್ಟೆಂಬರ್ 2, ಸೋಮವಾರ

ಮತ್ತೆ ಕಟ್ಟಿಕೊಂಡಿದೆ. ಈ ಸಲ ಬಟ್ಟೆಯಲ್ಲ. ನಮ್ಮ ಪೈಪು ದೊಡ್ಡ ಪೈಪಿಗೆ ಸೇರುವ ಕಡೆ ಮಣ್ಣು ಕುಸಿದಿದೆ, ಅಂಗಳದ ಚಪ್ಪಡಿ ಎಬ್ಬಿಸಬೇಕು ಎಂದ ಪ್ಲಂಬರ್. ಅಂಗಳ ಸಂಘದ್ದು. ಅಧ್ಯಕ್ಷರು, "ಮುಂದಿನ ತಿಂಗಳು ಮೀಟಿಂಗಲ್ಲಿ ನೋಡೋಣ," ಎಂದರು. ಅಷ್ಟು ದಿನ ಏನು ಮಾಡುವುದು ಎಂದರೆ, "ಮೊದಲು ಏನ್ಮಾಡ್ತಿದ್ರೋ ಅದೇ," ಎಂದರು.

ಸಾಕಾಗಿದೆ. ನಿಜವಾಗಿ ಸಾಕಾಗಿದೆ. ಪರದೆ ಕಟ್ಟಿ ಮತ್ತೆ ಟ್ರಯಲ್ ರೂಮ್ ಮಾಡಿಬಿಡೋಣ ಎಂದು ಇವರಿಗೆ ಹೇಳಿದೆ. ಒಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

"ಇಷ್ಟೆಲ್ಲ ಜಗಳ ಆಡಿ ಈಗ ಬಿಡ್ತೀಯಾ?" ಎಂದರು ಇವರು. "ಮೊನ್ನೆ ವ್ಯಾನಲ್ಲಿ ಒಂದು ಮಗು ಅರ್ಜೆಂಟು ಅಂತ ಅಳ್ತಿತ್ತು. ನಿನ್ನ ಅಂಗಡಿಗೇ ಕರ್ಕೊಂಡು ಬಂದೆ. ನೀನು ಊಟಕ್ಕೆ ಹೋಗಿದ್ದೆ."

ಸೆಪ್ಟೆಂಬರ್ 3, ಮಂಗಳವಾರ

ಬೆಳಿಗ್ಗೆ ಹನ್ನೊಂದರ ಹೊತ್ತು. ಹೂವಿನಕ್ಕ ನನ್ನ ಅಂಗಡಿಯ ಮುಂದೆ ಬಂದು, "ಇನ್ನೂ ಸರಿಯಾಗಿಲ್ವಾ?" ಎಂದಳು. ಇಲ್ಲವೆಂದೆ. ರಸ್ತೆಯ ಕಡೆ ಒಮ್ಮೆ ನೋಡಿದಳು, ತನ್ನ ಮೊಣಕಾಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಕಾಂಪ್ಲೆಕ್ಸಿನ ಹಿಂಭಾಗಕ್ಕೆ ನಡೆದಳು.

"ಅಕ್ಕಾ, ಅದು ಗಂಡಸರದ್ದು!"

"ಒಳಗೆ ಯಾರಿದ್ದಾರೆ ನೋಡು."

ಇಣುಕಿದೆ. ಯಾರೂ ಇರಲಿಲ್ಲ. "ಬಾಗ್ಲಲ್ಲಿ ನಿಂತ್ಕೋ," ಎಂದು ಅಕ್ಕ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಟ್ಟೆ ಅಳೆಯುವ ಗಜಕಡ್ಡಿಯನ್ನು ಕೈಯಲ್ಲಿ ಹಿಡಿದು ನಿಂತೆ. ಅಷ್ಟರಲ್ಲಿ ಕನ್ನಡಕದ ಮೇಡಂ ಬಂದರು. ನನ್ನ ಅವತಾರ ನೋಡಿ ಬೈಯುತ್ತಾರೆ ಎಂದುಕೊಂಡರೆ, "ಆದ್ಮೇಲೆ ನಂದು," ಎಂದು ಹಿಂದೆ ನಿಂತರು. ಚಪ್ಪಲಿ ಅಂಗಡಿಯ ಸೊಸೆ ಬಂದಳು, ಬೆನ್ನುನೋವಿನ ಸುಳಿವೇ ಇರಲಿಲ್ಲ. ಲೆಕ್ಕದಾಕೆ ಬಂದಳು. ಕೊಳ್ಳಲು ಬಂದಿದ್ದ ಹೆಂಗಸರೂ ಏನಿದು ಎಂದು ಕೇಳಿ, ತಿಳಿದು, ಸೇರಿಕೊಂಡರು. ಸಾಲು ಅಂಗಳ ದಾಟಿ ಆ ಬೆಂಚಿನವರೆಗೆ ಬೆಳೆಯಿತು.

ಗಂಡಸರು ಬಂದರು, ನಿಂತರು, ಗಡಿಯಾರ ನೋಡಿದರು, ಗೊಣಗಿದರು. ಇಬ್ಬರು ಆಸ್ಪತ್ರೆಯ ಕಡೆ ಓಡಿದರು. ಆಮೇಲೆ ಅಧ್ಯಕ್ಷರು ಬಂದರು. ಅವರ ನಡೆ ಎಂದಿನಷ್ಟು ಮೆತ್ತಗಿರಲಿಲ್ಲ.

"ಅಮ್ಮಾ, ಸ್ವಲ್ಪ ದಾರಿ ಬಿಡಿ. ಅರ್ಜೆಂಟು."

"ಎಲ್ಲರಿಗೂ ಅರ್ಜೆಂಟೇ ಸರ್. ಸಾಲಲ್ಲಿ ಬನ್ನಿ."

"ಇದು ಗಂಡಸರ ಕಕ್ಕಸು ಅಮ್ಮಾ!" ಎಂದು ಕೂಗಿದರು. ಇಡೀ ಕಾಂಪ್ಲೆಕ್ಸಿಗೆ ಕೇಳಿಸಿತು.

"ಹೆಂಗಸರ ಕಕ್ಕಸು ನಿಮ್ಮ ಚಪ್ಪಡಿ ಕೆಳಗೆ ಕಟ್ಕೊಂಡಿದೆ ಸರ್. ಅದನ್ನ ಬಿಡಿಸಿ, ಇದನ್ನ ಬಿಟ್ಟುಕೊಡ್ತೀವಿ. ಗಂಡಸರದ್ದು ತೊಳೆಯೋಕೆ ಬರ್ತಾನಲ್ಲ, ಅವನು ಇನ್ಮೇಲೆ ನಮ್ಮದನ್ನೂ ತೊಳೀಬೇಕು. ಅವನ ಸಂಬಳಕ್ಕೆ ನಾವೂ ಸಂಘಕ್ಕೆ ಕೊಡ್ತಾ ಬಂದಿದ್ದೀವಿ."

ನಲವತ್ತು ಗಂಡಸರಲ್ಲದಿದ್ದರೂ ಅಂಗಳ ತುಂಬ ಜನರಿದ್ದರು. ಅಧ್ಯಕ್ಷರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು. "ಆಯ್ತು, ನಾಳೆನೇ ಎಬ್ಬಿಸಿ, ತೊಳೆಸೋಣ, ಎಲ್ಲ ಮಾಡೋಣ..."

ಒಳಗಿನಿಂದ ಹೂವಿನಕ್ಕ, "ಪಾಪ ಬಿಡ್ರೇ ಅವರನ್ನ, ನಂದಾಯ್ತು!" ಎಂದು ಚಿಲಕ ತೆಗೆದಳು.

ದಾರಿ ಬಿಟ್ಟೆವು.

ಸೆಪ್ಟೆಂಬರ್ 6, ಶುಕ್ರವಾರ

ನಾಳೆ ಎಂದದ್ದು ನಾಡಿದ್ದಾಯಿತು. ಆದರೂ ಚಪ್ಪಡಿ ಎಬ್ಬಿಸಿದರು, ಪೈಪು ಸರಿಯಾಯಿತು. ತೊಳೆಯುವವನು ಹೆಚ್ಚಿನ ಕೂಲಿ ಕೇಳುತ್ತಿದ್ದಾನೆ, ಅದೂ ನ್ಯಾಯವೇ. ಅದಕ್ಕೆ ಮತ್ತೆ ಮೀಟಿಂಗು, ಮತ್ತೆ ಮಾತು. ಕಾಂಪ್ಲೆಕ್ಸಿನ ಮುಂದೆ ರಸ್ತೆ ದಾಟಲು ಒಂದು ಪಟ್ಟೆಯಾದರೂ ಬೇಕಲ್ಲ ಎಂದು ಕನ್ನಡಕದ ಮೇಡಂ ಹೊಸ ತಕರಾರು ಎತ್ತಿದ್ದಾರೆ. ನನ್ನನ್ನೇ ಮಾತಾಡು ಎನ್ನುತ್ತಾರೆ. ನನಗೆ ಬೇರೆ ಕೆಲಸ ಇಲ್ಲವೇ?

ಸೆಪ್ಟೆಂಬರ್ 17, ಮಂಗಳವಾರ

ಸ್ಕೂಲ್ ಯೂನಿಫಾರಮ್ಮಿನ ರಾಶಿ. ತಲೆ ಎತ್ತಲು ಬಿಡುವಿಲ್ಲ.

ಮಧ್ಯಾಹ್ನ ಯಾರೋ ಹೆಂಗಸು ರಸ್ತೆಯಿಂದ ನೇರ ಒಳಗೆ ಬಂದಳು. ಮೊದಲು ನೋಡಿದ ಮುಖವಲ್ಲ. ಕೈಯಲ್ಲಿ ತರಕಾರಿ ಚೀಲ. ನನ್ನನ್ನು ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಿಷಿನ್ ದಾಟಿ, ಬಟ್ಟೆಯ ರಾಶಿ ದಾಟಿ, ಹಿಂದೆ ಹೋದಳು, ಬಂದಳು, ಫೋನಿನಲ್ಲಿ ಯಾರಿಗೋ ಜೋರಾಗಿ ಬೈಯುತ್ತಾ ಹೊರಟೇಹೋದಳು. ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಎಷ್ಟು ಕೊಬ್ಬು ಎಂದುಕೊಂಡೆ. ಕರೆದು ಕೇಳಿಬಿಡೋಣ ಎಂದು ಎದ್ದೂ ನಿಂತೆ. ಆಮೇಲೆ, ನಾನು ದಿನಾ ನಡೆದು ಬರುವ ರಸ್ತೆಗೆ ಎಂದಾದರೂ ಥ್ಯಾಂಕ್ಸ್ ಹೇಳಿದ್ದೇನೆಯೇ ಎಂದು ನಗು ಬಂತು.

ಎದ್ದದ್ದು ಎದ್ದಾಗಿತ್ತು. ಹಿಂದೆ ಹೋಗಿ, ಅವಳು ಅರ್ಧ ನಿಲ್ಲಿಸಿ ಬಿಟ್ಟಿದ್ದ ನಲ್ಲಿಯನ್ನು ಪೂರ್ತಿ ನಿಲ್ಲಿಸಿ ಬಂದೆ.